ಕಟಿಂಗ್ ಶಾಪ್‌ಗೆ ನಾನೇ ಹೋಗ್ತೀನಿ

(ಈ ವಾರದ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಅಕ್ಷರರೂಪ)

 

ಇವತ್ತು ಕೊಪ್ಪದಿಂದ ಶುರು ಮಾಡ್ತೀನಿ. ಕೊಪ್ಪ ಅಂದ ತಕ್ಷಣ ಅರ್ಧ ಜನಕ್ಕೆ ಚಿಕ್ಕಮಗಳೂರಿನ ಕೊಪ್ಪ ನೆನಪಾಗುತ್ತೆ. ಅದಲ್ಲ ಸ್ವಾಮಿ, ಇದು ನಮ್ಮ ಮದ್ದೂರು ತಾಲ್ಲೂಕಿನ ಕೊಪ್ಪ. ಸಕ್ಕರೆ ಕಾರ್ಖಾನೆ ಕೊಪ್ಪ. ಕಬ್ಬು ಅರೆಯೋ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕ್ಕೊಂಡೋರಿಗೆ ಗೊತ್ತಿರುತ್ತೆ.

ಆ ಹೋಬಳಿಯ ಒಂದು ಹಳ್ಳೀಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ. ಹೆಸರು ಹೇಳಲ್ಲ, ಹೇಳಿದ್ರೆ ಬೈತಾನೆ. ನಾಲ್ಕು ವರ್ಷದ ಹಿಂದೆ ತೆಂಗಿನಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ವೀಲ್‌ಚೇರ್ ಇದೆ, ಪಿಂಚಣಿ ಬರುತ್ತೆ, ಮನೆಯವರು ಹೊತ್ತುಹೊತ್ತಿಗೆ ಊಟ ಕೊಡ್ತಾರೆ. ದೊಡ್ಡಮ್ಮ ಕೇಳೋ ಪ್ರಶ್ನೆ ಒಂದೇ: "ನಾವೇನ್ ಕಮ್ಮಿ ಮಾಡಿದ್ದೀವಪ್ಪ ಅವನ್ಗೆ?"

ಕಳೆದ ಸಲ ಹೋದಾಗ ಅವನನ್ನೇ ಕೇಳಿದೆ, ಏನು ಕಷ್ಟ ಅಂತ. ಅವನು ಕಾಲಿನ ಬಗ್ಗೆ ಏನೂ ಹೇಳಲಿಲ್ಲ. "ತಿಂಗಳಿಗೊಂದ್ಸಲ ಕಟಿಂಗ್ ಮಾಡೋರು ಮನೆಗೇ ಬತ್ತಾರೆ ಕಣ್ಲಾ. ಹೆಂಗ್ ಕಟ್ ಮಾಡ್ಬೇಕು ಅಂತ ಅವ್ವನ್ನ ಕೇಳ್ತಾರೆ, ನನ್ನ ಕೇಳಲ್ಲ," ಅಂದ.

ಆಮೇಲೆ ಎರಡು ದಿನ ನನಗೆ ಅದೇ ಮಾತು ತಲೇಲಿ. ಅವನಿಗೆ ಬೇಕಾಗಿರೋದು ಕೊಪ್ಪದ ಕಟಿಂಗ್ ಶಾಪ್‌ಗೆ ಹೋಗಿ, ಬೆಂಚಲ್ಲಿ ಸರದಿ ಕಾದು, ಪೇಪರ್ ತಿರುವಿ, ಊರಿನ ಹರಟೆ ಕೇಳಿ, "ಸೈಡಲ್ಲಿ ಕಮ್ಮಿ ಮಾಡಿ" ಅಂತ ತಾನೇ ಹೇಳೋದು. ಅಷ್ಟೇ.

ಇದಕ್ಕೆ ಕಾನೂನಲ್ಲಿ ಜಾಗ ಇದೆ ಅಂದ್ರೆ ನಂಬ್ತೀರಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 5 ತೆಗೆದು ನೋಡಿ. ಸಮುದಾಯದ ನಡುವೆ ಬದುಕೋದು ವಿಕಲಚೇತನರ ಹಕ್ಕು ಅನ್ನುತ್ತೆ. ಇಂಥ ಕಡೆಯೇ, ಇಂಥವರ ಜೊತೆಯೇ ಇರಬೇಕು ಅನ್ನೋ ಕಟ್ಟುಪಾಡು ಇರದ ಹಾಗೆ ಸರ್ಕಾರ ಪ್ರಯತ್ನಿಸಬೇಕು; ಬದುಕೋಕೆ ಬೇಕಾದ ನೆರವು, ವೈಯಕ್ತಿಕ ಸಹಾಯಕರು ಸೇರಿದ ಹಾಗೆ, ಸಿಗಬೇಕು. ಇಂಗ್ಲಿಷಿನವರು ಇದನ್ನ ಇಂಡಿಪೆಂಡೆಂಟ್ ಲಿವಿಂಗ್ ಅಂತಾರೆ. ನಾವು ಸ್ವತಂತ್ರ ಬದುಕು ಅನ್ನೋಣ.

ಈ ಪದದಲ್ಲೇ ಒಂದು ಗೊಂದಲ ಇದೆ. ಸ್ವತಂತ್ರ ಅಂದ್ರೆ ಯಾರ ಸಹಾಯವೂ ಇಲ್ಲದೆ ಎಲ್ಲ ತಾನೇ ಮಾಡ್ಕೊಳ್ಳೋದು ಅಂತ ನಾವು ತಿಳ್ಕೊಂಡಿದ್ದೀವಿ. ಕೆ.ಎಸ್. ರಾಜಣ್ಣನವರ ವಿಡಿಯೊ ನೆನಪಿದೆಯಾ? ನಮ್ಮ ಮಂಡ್ಯ ಜಿಲ್ಲೆಯವರೇ. ಮಗುವಾಗಿದ್ದಾಗಲೇ ಪೋಲಿಯೊದಿಂದ ಕೈಕಾಲು ಕಳೆದುಕೊಂಡವರು, 2024ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಅವರು ಮುಂದಕ್ಕೆ ಹೋಗ್ತಿದ್ದಾಗ ಯೋಧರೊಬ್ಬರು ನೆರವಿಗೆ ಬಂದರು, ಇವರು ಬೇಡ ಅಂದರು. ಇಡೀ ದೇಶ ಆ ವಿಡಿಯೊ ಶೇರ್ ಮಾಡಿ "ಸ್ಫೂರ್ತಿ" ಅಂತು. ನಂಗೆ ಅದರಲ್ಲಿ ಹಿಡಿಸಿದ್ದು ಬೇರೆ: ಅವರು ಬೇಡ ಅಂದಾಗ ಆ ಮಾತು ನಡೀತು. ಬೇಕು ಅಂದಿದ್ರೂ ಅವರ ಘನತೆ ಒಂದು ಗುಂಜಿಯೂ ಕಮ್ಮಿ ಆಗ್ತಿರಲಿಲ್ಲ. ಇದೇ ರಾಜಣ್ಣನವರು ಹಿಂದೆ ರಾಜ್ಯದ ವಿಕಲಚೇತನರ ಆಯುಕ್ತರಾಗಿದ್ದರು ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತೇ ಇಲ್ಲ.

ಅಮೆರಿಕದಲ್ಲೂ ಪೋಲಿಯೊ ಬಂದಿದ್ದ ಒಬ್ಬರಿದ್ದರು, ಎಡ್ ರಾಬರ್ಟ್ಸ್. ಕುತ್ತಿಗೆಯಿಂದ ಕೆಳಗೆ ಹೆಚ್ಚೂಕಡಿಮೆ ಚಲನೆ ಇಲ್ಲ, ಉಸಿರಾಟಕ್ಕೆ ಯಂತ್ರ ಬೇಕು. ಬಟ್ಟೆ ಹಾಕೋಕೂ ಬೇರೆಯವರು ಬೇಕು. ಆದರೂ ಸ್ವತಂತ್ರ ಬದುಕಿನ ಚಳವಳಿಯ ಪಿತಾಮಹ ಅಂತ ಕರೆಯೋದು ಅವರನ್ನೇ. ಯಾಕಂದ್ರೆ ಸಹಾಯಕ ಯಾರು, ಎಷ್ಟೊತ್ತಿಗೆ ಬರಬೇಕು, ಏನು ಮಾಡಬೇಕು ಅನ್ನೋದನ್ನ ತೀರ್ಮಾನ ಮಾಡ್ತಿದ್ದೋರು ಅವರು. 1972ರಲ್ಲಿ ಬರ್ಕ್ಲಿಯಲ್ಲಿ ಸ್ನೇಹಿತರ ಜೊತೆ ಸೇರಿ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯ್ತು. ಮಜಾ ಕೇಳಿ: "ಈತನಿಗೆ ಕೆಲಸ ಮಾಡೋಕೆ ಆಗೋದೇ ಇಲ್ಲ" ಅಂತ ಷರಾ ಬರೆದಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವರೇ ಮುಖ್ಯಸ್ಥರಾದರು.

ಆ ಚಳವಳಿಯ ಫಲವಾಗಿ ಈಗ ಅಲ್ಲಿನ ರಾಜ್ಯಗಳಲ್ಲಿ ಸ್ವತಂತ್ರ ಬದುಕಿಗೆ ಅಂತಲೇ ಮಂಡಳಿಗಳಿವೆ. ಸದಸ್ಯರನ್ನ ನೇಮಿಸೋದು ಗವರ್ನರ್. ಆದರೆ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿಕಲಚೇತನರೇ ಆಗಿರಬೇಕು, ಅವರು ಸರ್ಕಾರಿ ನೌಕರರೂ ಆಗಿರಬಾರದು ಅಂತ ಕಾನೂನು ಹೇಳುತ್ತೆ. ರಾಜ್ಯದ ಮೂರು ವರ್ಷದ ಯೋಜನೆಗೆ ಮಂಡಳಿಯ ಅಧ್ಯಕ್ಷರ ಸಹಿ ಬೀಳಬೇಕು.

ನಮ್ಮಲ್ಲಿ? ಅದೇ 2016ರ ಕಾಯ್ದೆ ಪ್ರಕಾರ ರಾಜ್ಯ ಸಲಹಾ ಮಂಡಳಿ ಅಂತ ಒಂದು ಇರಬೇಕು. ಅಧ್ಯಕ್ಷರು ಮಂತ್ರಿ. ಜೊತೆಗೆ ಇಲಾಖೆಗಳ ಕಾರ್ಯದರ್ಶಿಗಳು, ಮೂವರು ಶಾಸಕರು, ಐವರು ತಜ್ಞರು, ಜಿಲ್ಲೆಗಳ ಪರವಾಗಿ ಸರದಿಯಲ್ಲಿ ಐವರು. ಆಮೇಲೆ ಸಂಘಸಂಸ್ಥೆಗಳ ಪರವಾಗಿ ಹತ್ತು ಜನ, ಅವರು "ಸಾಧ್ಯವಾದ ಮಟ್ಟಿಗೆ" ವಿಕಲಚೇತನರು. ಆ ಹತ್ತರಲ್ಲಿ ಐವರು ಹೆಣ್ಣುಮಕ್ಕಳು ಇರಲೇಬೇಕು, ಇದು ಒಳ್ಳೇದು. ಆದರೆ ಆ "ಸಾಧ್ಯವಾದ ಮಟ್ಟಿಗೆ" ಅನ್ನೋ ಪದ ನೋಡಿ! 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷದ ಮೇಲೆ ವಿಕಲಚೇತನರಿದ್ದರು. ಅಷ್ಟು ಜನದಲ್ಲಿ ಹತ್ತು ಮಂದಿಯನ್ನ ಹುಡುಕೋಕೆ ಇಂಥ ಪದ ಯಾಕೆ ಬೇಕಾಯ್ತೋ.

ಮಂಡಳಿ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತಿದೆ. ಬೆಂಗಳೂರಲ್ಲಿ ಆರು ತಿಂಗಳಿಗೊಂದು ಸಭೆ ಆದ್ರೆ ನಮ್ಮಣ್ಣನ ಕಟಿಂಗ್‌ಗೆ ಏನು ಬಂತು? ನ್ಯಾಯವಾದ ಪ್ರಶ್ನೆ. ಅದಕ್ಕೇ ಊರಿಗೇ ವಾಪಸ್ ಬರೋಣ.

ನಮ್ಮ ಗ್ರಾಮ ಪಂಚಾಯ್ತಿಗಳು ವಿಕಲಚೇತನರಿಗಾಗಿ ಶೇ 5ರಷ್ಟು ಹಣ ಎತ್ತಿಡಬೇಕು. ಅವರಿಗಂತಲೇ ಸಮನ್ವಯ ಗ್ರಾಮಸಭೆ ನಡೆಸಬೇಕು. ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಹೆಚ್ಚಾಗಿ ಅವರೂ ವಿಕಲಚೇತನರೇ, ಸಣ್ಣ ಗೌರವಧನಕ್ಕೆ ಊರೂರು ಸುತ್ತೋರು. ಯುಡಿಐಡಿ ಕಾರ್ಡು, ಪಿಂಚಣಿ ಅರ್ಜಿ ಅಂತ ಅವರ ಹಿಂದೆ ಬಿದ್ದಿರ್ತೀವಿ. ಆದರೆ ಸಭೆ ಇದೆ, ಬನ್ನಿ ಅಂತ ಅವರು ಕರೆದಾಗ ಮನೆಯಿಂದ ಹೋಗೋದು ಯಾರು? ಅಪ್ಪ, ಇಲ್ಲಾ ಅಣ್ಣ. ಹೋಗಿ ಸಹಿ ಹಾಕಿ ಬರ್ತಾರೆ. ಕಟಿಂಗ್ ಕಥೆಯೇ ಇದೂ.

ಹೋದೋರು ಕೇಳೋದಾದ್ರೂ ಏನು? ಗಾಡಿ ಕೊಡಿ, ಧನಸಹಾಯ ಕೊಡಿ. ಬೇಕು, ಬೇಡ ಅಂತಿಲ್ಲ. ಆದರೆ ಗಾಡಿ ಮನೆ ಬಾಗಿಲಿಂದ ರಸ್ತೆಗೆ ಇಳಿಯೋದು ಹೇಗೆ ಅಂತ ಯಾರೂ ಕೇಳಲ್ಲ. ಬಸ್ ಪಾಸೂ ಹಾಗೇ. ವರ್ಷಕ್ಕೆ 660 ರೂಪಾಯಿ ಕಟ್ಟಿದ್ರೆ ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಒಳ್ಳೇ ಯೋಜನೆ ಕಣ್ರೀ. ಆದರೆ ನಮ್ಮ ಕೆಂಪು ಬಸ್ಸಿನ ಮೆಟ್ಟಿಲು ನೋಡಿದ್ದೀರಲ್ಲ? ಪಾಸು ಜೇಬಲ್ಲಿ, ಮನುಷ್ಯ ಸ್ಟಾಪಲ್ಲಿ.

ನಮ್ಮಣ್ಣ ಈ ಸಲ ತಾನೇ ಫೋನ್ ಮಾಡಿ ಕೇಳಿದ, ಸಭೆ ಎಲ್ಲಿ ಅಂತ. "ಮೇಲ್ಗಡೆ ಹಾಲಲ್ಲಿ" ಅಂದ್ರಂತೆ. ಯಾವ ಪಂಚಾಯ್ತಿ ಅಂತ ಹೇಳಲ್ಲ, ಆ ಕಡೆಯವರಿಗೂ ಹೊಳೆದಿರಲಿಲ್ಲ ಅಷ್ಟೇ. "ನಾನ್ ಹೆಂಗ್ ಬರ್ಲಿ ಸಾರ್ ಮೇಲಕ್ಕೆ?" ಅಂದ. ಒಂದು ಕ್ಷಣ ಫೋನಲ್ಲಿ ಮಾತೇ ಇಲ್ಲವಂತೆ. ಸಭೆ ಕೆಳಗಡೆ ಅಂಗಳಕ್ಕೆ ಬಂತು, ಶಾಮಿಯಾನ ಹಾಕಿದ್ರು. ದೊಡ್ಡಪ್ಪ ಜೊತೆಗೆ ಹೋದ್ರು, ಆದರೆ ಮಾತಾಡಿದ್ದು ಇವನು. ಕೇಳಿದ್ದು ಒಂದೇ: ಮನೆ ಮುಂದಿನ ಚರಂಡಿ ಮೇಲೆ ಚಕ್ರ ಹೋಗೋ ಹಾಗೆ ಅಗಲವಾದ ಚಪ್ಪಡಿ. ಪಕ್ಕದಲ್ಲಿ ಕೂತಿದ್ದ ವಯಸ್ಸಾದೋರೊಬ್ರು, ಕಣ್ಣು ಕಾಣಲ್ಲ ಅವರಿಗೆ, "ನಮ್ಮ ಬೀದಿಗೂ ಹಾಕ್ಸಿ, ನಾನೂ ಎರಡು ಸಲ ಬಿದ್ದಿದ್ದೀನಿ" ಅಂದರು. ಎರಡೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.

ಚಪ್ಪಡಿ ಇನ್ನೂ ಬಂದಿಲ್ಲ. ಅವನು ವಾರಕ್ಕೊಂದು ಸಲ ಪಂಚಾಯ್ತಿಗೆ ಫೋನ್ ಮಾಡ್ತಾನೆ.

ನಿಮ್ಮೂರಲ್ಲಿ ಸಮನ್ವಯ ಗ್ರಾಮಸಭೆ ಯಾವಾಗ ನಡೀತು, ಎಷ್ಟನೇ ಮಹಡೀಲಿ ನಡೀತು, ನಮಗೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.