ತೋಟದಪ್ಪನವರ ಛತ್ರ ಮತ್ತು ನಮ್ಮ ಸಂಘದ ಜಾಗ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾವು ಭಾಷಣಗಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಆರಂಬಕ್ಕೆ ಇಳಿದವರು. ಕಾರ್ಯದರ್ಶಿಗಳು "ನಾಲ್ಕು ಮಾತಾಡಿ" ಅಂದಿದ್ದರಿಂದ, ಈ ಶುಭ ಸಂದರ್ಭದಲ್ಲಿ ಗುಬ್ಬಿ ತೋಟದಪ್ಪನವರನ್ನು ನೆನೆಯೋಣ ಅಂತ ನಿಂತಿದ್ದೇವೆ.

ಚಾಮರಾಜನಗರದಲ್ಲಿ ರೈಲು ಹತ್ತಿಯೋ, ಗುಂಡ್ಲುಪೇಟೆಯಲ್ಲಿ ಬಸ್ಸು ಹಿಡಿದೋ ಬೆಂಗಳೂರಿಗೆ ಹೋಗಿಬಂದ ನಮ್ಮ ಕಡೆಯ ಹಿರೀಕರಿಗೆ ಈ ಹೆಸರು ಗೊತ್ತು. ಆಸ್ಪತ್ರೆ, ಕೋರ್ಟು, ಮಕ್ಕಳ ಪರೀಕ್ಷೆ ಅಂತ ಹೊರಟವರಿಗೆ "ಸ್ಟೇಷನ್ ಎದುರಿಗೆ ತೋಟದಪ್ಪನ ಛತ್ರ ಐತೆ, ಅಲ್ಲೇ ಇಳ್ಕೊಳ್ಳಿ" ಅಂತ ಹೇಳಿ ಕಳಿಸುತ್ತಿದ್ದರು. ಛತ್ರ ಗೊತ್ತು, ಕಟ್ಟಿಸಿದ ಪುಣ್ಯಾತ್ಮ ಯಾರು ಅಂತ ಗೊತ್ತಿರುವವರು ಕಮ್ಮಿ.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಹುಟ್ಟಿದರು. ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪಾದಿಸಿದರು. ಮಕ್ಕಳಿರಲಿಲ್ಲ. ಆ ಕಾಲಕ್ಕೆ ರೈಲು ಬಂದು, ಹಳ್ಳಿ ಜನ ಪೇಟೆಗೆ ಬರುವುದು ಹೆಚ್ಚಾಗಿತ್ತು. ಬಂದವರು ರಾತ್ರಿ ಎಲ್ಲಿ ಮಲಗಬೇಕು? ತೋಟದಪ್ಪನವರು ರೈಲ್ವೆ ನಿಲ್ದಾಣದ ಹತ್ತಿರವೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ದಾರಿಹೋಕರಿಗೂ ಓದುವ ಹುಡುಗರಿಗೂ ಆಸ್ತಿಯನ್ನು ಮೀಸಲಿಟ್ಟರು. ಮಹಾರಾಜರು 'ಧರ್ಮಪ್ರವರ್ತ' ಎಂಬ ಬಿರುದು ಕೊಟ್ಟರು. 1910ರಲ್ಲಿ, 72 ವರ್ಷದ ತುಂಬು ಬಾಳು ಮುಗಿಸಿ ತೀರಿಕೊಂಡರು.

ಇದರಲ್ಲಿ ನಾವು ಗಮನಿಸಬೇಕಾದ್ದು ಎರಡು. ಮೊದಲನೆಯದು, ಧರ್ಮಕ್ಕೆ ತಾನೇ ಅಂತ ಊರಾಚೆಯ ಬರಡು ನೆಲ ಹುಡುಕಲಿಲ್ಲ. ನಾಲ್ಕು ಅಂಗಡಿ ಹಾಕಿದ್ದರೆ ಕೈತುಂಬ ಬಾಡಿಗೆ ಬರುವಂಥ ಜಾಗದಲ್ಲೇ ಕಟ್ಟಿಸಿದರು. ಎರಡನೆಯದು, ಕಟ್ಟಿಸಿ ಕೈಬಿಡಲಿಲ್ಲ. ನೋಡಿಕೊಳ್ಳುವುದಕ್ಕೆ ಟ್ರಸ್ಟು ಮಾಡಿದರು. ಅದಕ್ಕೇ ಅವರು ಹೋಗಿ ನೂರು ವರ್ಷ ದಾಟಿದರೂ ಛತ್ರ ನಿಂತಿದೆ. ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುವ ನಮ್ಮ ಜನಕ್ಕೆ ದಾರಿಯಲ್ಲಿ ಸಿಕ್ಕುವ ಮಂಟಪದ ಬೆಲೆ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಛತ್ರ ತೆರೆದ ಎರಡೇ ವರ್ಷಕ್ಕೆ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ತೋಟದಪ್ಪನವರು ಒಬ್ಬರೇ ಹಣ ಹಾಕಿ ಹಲವರಿಗೆ ನೆರಳು ಕೊಟ್ಟರು. ಪಾಟೀಲರು ಹಲವರ ಕಾಸು ಕೂಡಿಸಿ ಎಲ್ಲರಿಗೂ ನೆರಳು ಮಾಡಿದರು. ನಮ್ಮೂರಲ್ಲಿ ಅಷ್ಟು ದೊಡ್ಡ ಸಾಹುಕಾರರಿಲ್ಲ, ಆದರೆ ಸಂಘ ಇದೆಯಲ್ಲ!

ಈಗ ನಮ್ಮ ಮನೆ ಮಾತಿಗೆ ಬರೋಣ. ಗೋದಾಮಿನ ಪಕ್ಕದ ಖಾಲಿ ಜಾಗದಲ್ಲಿ ಪೂರ್ತಿ ಅಂಗಡಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬೇಕು ಅನ್ನುವ ಸಲಹೆ ಇದೆ. ಬಾಡಿಗೆ ಬೇಡ ಅಂತ ನಾವೂ ಹೇಳುವುದಿಲ್ಲ. ಬಾಡಿಗೆ ಇಲ್ಲದೆ ಸುಣ್ಣ ಬಣ್ಣವೂ ಆಗುವುದಿಲ್ಲ. ಆದರೆ ದೂರದ ದೊಡ್ಡಿಗಳಿಂದ ಗೊಬ್ಬರಕ್ಕೆ ಬಂದ ಹೆಣ್ಣುಮಕ್ಕಳು ಬಿಸಿಲಲ್ಲಿ ಮೂಟೆ ಮೇಲೆ ಕೂತಿರುತ್ತಾರೆ. ಕಾಲೇಜು ಮಕ್ಕಳು ಬಸ್ಸಿಗೆ ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತಾರೆ. ಮಳಿಗೆಗಳ ಜೊತೆಗೆ, ಅದೂ ರಸ್ತೆ ಕಡೆಗೇ, ಒಂದು ತಂಗುಕೋಣೆ, ಒಂದು ಓದುವ ಕೋಣೆ, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಇರಲಿ. ಒಂದು ಮಳಿಗೆಯ ಬಾಡಿಗೆ ಇವುಗಳ ಖರ್ಚಿಗೇ ಅಂತ ಮಹಾಸಭೆಯಲ್ಲಿ ಠರಾವು ಬರೆದಿಡೋಣ. ನಾಳೆ ನಾವು ನಿರ್ದೇಶಕರು ಬದಲಾಗುತ್ತೇವೆ, ಠರಾವು ಪುಸ್ತಕ ಉಳಿಯುತ್ತದೆ.

ಆಸ್ತಿ ಮಾಡುವುದು ದೊಡ್ಡದಲ್ಲ ಕಣ್ರಪ್ಪ, ಆ ಆಸ್ತಿಯ ಬಾಗಿಲು ಯಾರಿಗೆ ತೆರೆದಿರುತ್ತೆ ಅನ್ನೋದು ದೊಡ್ಡದು. ಮುಂದಿನ ಮಹಾಸಭೆಗೆ ಸದಸ್ಯರೆಲ್ಲ ತಪ್ಪದೆ ಬಂದು ಕೈಯೆತ್ತಬೇಕು ಅಂತ ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.