ಸುರಪುರದ ಟೇಲರ್ ಮಂಜಿಲ್



ಕಾಳಗಿ, ಚಿತ್ತಾಪುರದ ಕಡೆಯಿಂದ ಯಾದಗಿರಿ, ಶಹಾಪುರ ದಾಟಿ ಹೋದರೆ ಸುರಪುರ. ಬಂಡೆಗುಡ್ಡಗಳ ನಡುವಿನ ಆ ಊರಿನ ಎತ್ತರದಲ್ಲಿ ಟೇಲರ್ ಮಂಜಿಲ್ ಇದೆ. ಅದೀಗ ಸರ್ಕಾರಿ ಅತಿಥಿಗೃಹ. ಅದನ್ನು ಕಟ್ಟಿಸಿದ ಸಾಹೇಬನ ಗುಣಗಾನವಷ್ಟೇ ಅದರ ಚರಿತ್ರೆಯಲ್ಲ. ಆ ಗುಡ್ಡಗಳಲ್ಲೇ ಒಂದು ಸಂಸ್ಥಾನ ಬಿದ್ದುಹೋಯಿತು.

ಬೇಡ ನಾಯಕರ ನಾಡು ಅದು. 1705ರಲ್ಲಿ ಪಕ್ಕದ ವಾಗಣಗೇರಾ ಕೋಟೆಗೆ ಔರಂಗಜೇಬನೇ ಖುದ್ದಾಗಿ ಮುತ್ತಿಗೆ ಹಾಕಬೇಕಾಯಿತು. ಅಂಥ ಮನೆತನದಲ್ಲಿ 1841ರ ಹೊತ್ತಿಗೆ ಗದ್ದುಗೆಯ ವಾರಸುದಾರ ಇನ್ನೂ ಬಾಲಕ, ತಾಯಿ ರಾಣಿ ಈಶ್ವರಮ್ಮ. ಆಡಳಿತ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ಕುರಿತ ಕಾದಂಬರಿಯಿಂದ ಆಗಲೇ ಹೆಸರಾಗಿದ್ದವನು. ಈ ಬಂಗಲೆಯಲ್ಲಿದ್ದುಕೊಂಡೇ ಬೋನಾಳ ಕೆರೆಯನ್ನು ಹಿಗ್ಗಿಸಿದ; ರಾಜನಕೋಳೂರಿನ ಶಿಲಾಗೋರಿಗಳನ್ನು ಅಳೆದು ಬರೆದ. ಬಾಲಕ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

1853ರಲ್ಲಿ ಅಧಿಕಾರ ವೆಂಕಟಪ್ಪನ ಕೈಗೆ ಬಂತು, ಟೇಲರ್ ಬೇರೆಡೆಗೆ ಹೋದ. ಐದೇ ವರ್ಷ. 1857ರ ದಂಗೆಯ ಬಿಸಿ ದಕ್ಷಿಣಕ್ಕೂ ತಟ್ಟಿತು. ತರುಣ ರಾಜ ಅರಬ್ಬರನ್ನೂ ರೋಹಿಲರನ್ನೂ ಸೇರಿಸುತ್ತಿದ್ದಾನೆಂದು ಕಂಪನಿ ಸರ್ಕಾರ ಪಡೆ ಕಳಿಸಿತು. 1858ರ ಫೆಬ್ರವರಿಯಲ್ಲಿ, ಊರ ಬಳಿ ಬೀಡುಬಿಟ್ಟಿದ್ದ ಕ್ಯಾಪ್ಟನ್ ವಿಂಡಮ್‌ನ ದಂಡಿನ ಮೇಲೆ ಸುರಪುರದವರು ರಾತ್ರಿ ಎರಗಿದರು. ಬೆಳಗಾದ ಮೇಲೆ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿ ಸತ್ತ. ಆದರೆ ಇಂಗ್ಲಿಷರಿಗೆ ಇನ್ನಷ್ಟು ಕುಮ್ಮಕ್ಕು ಬರುತ್ತಿತ್ತು, ಕೋಟೆ ಉಳಿಯಲಿಲ್ಲ.

ನೆರವು ಬೇಡಿ ಹೈದರಾಬಾದಿಗೆ ಹೋದ ವೆಂಕಟಪ್ಪನನ್ನು ಅಲ್ಲಿ ಸೆರೆಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು. ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ಸಾಕಿದ ಹುಡುಗನ ಪರವಾಗಿ ಮಾತಾಡಿದ, ನಿಜ. ಆದರೆ ಅವನು ಉಣ್ಣುತ್ತಿದ್ದ ಅನ್ನ ಗೆದ್ದವರದು, ಅದನ್ನೂ ಮರೆಯಲಾಗದು. ರಾಜನಿಗೆ ವಿಧಿಸಿದ್ದ ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಅದೇ ವರ್ಷದ ಮೇ ತಿಂಗಳಲ್ಲೇ, ರಾಜ ಗುಂಡೇಟಿನಿಂದ ತೀರಿಕೊಂಡ. ತಾನೇ ಹೊಡೆದುಕೊಂಡನೆಂದು ಇಂಗ್ಲಿಷರ ದಾಖಲೆ. ಅದನ್ನು ನಂಬದವರೂ ಇದ್ದಾರೆ. ಅವನಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು.

ಅರಸನಿಲ್ಲದ ಊರನ್ನು ಸಂಭಾಳಿಸಲು ಮತ್ತೆ ಟೇಲರ್‌ನನ್ನೇ ಕಳಿಸಿದರು. ಮಗನಂತಿದ್ದವನ ಊರಿಗೆ ಆತ ಈಗ ಗೆದ್ದವರ ಅಧಿಕಾರಿಯಾಗಿ ಬಂದ. ಈ ಮನೆಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಕಾಲ ಅದೇ. 1860ರಲ್ಲಿ ಆರೋಗ್ಯ ಕೆಟ್ಟು ಅವನು ಹಿಂದೂಸ್ಥಾನವನ್ನೇ ಬಿಟ್ಟ. ಅದೇ ವರ್ಷ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಇನಾಮಾಗಿ ಕೊಟ್ಟರು. ಅಲ್ಲಿಂದ 1948ರ ಸೆಪ್ಟೆಂಬರಿನವರೆಗೆ ನಾಯಕರ ಸುರಪುರವೂ ನಮ್ಮ ಸೇಡಂ, ಚಿತ್ತಾಪುರಗಳಂತೆ ಹೈದರಾಬಾದಿಗೇ ಕಂದಾಯ ಕಟ್ಟಿತು.