ಸ್ಥೂಲಕಾಯ: ಜ್ವರಕ್ಕೆ ಮುನ್ನವೇ ಎಚ್ಚರ ಬೇಕು



ಮೈ ತುಂಬಿಕೊಂಡವರನ್ನು ಕಂಡು 'ಸುಖವಾಗಿದ್ದಾರೆ' ಎನ್ನುವುದು ನಮ್ಮ ಮನೆಗಳ ವಾಡಿಕೆ. ಆದರೆ ವೈರಾಣು ಶ್ವಾಸಕೋಶವನ್ನು ಮುತ್ತಿದಾಗ ಆ ಬೊಜ್ಜೇ ರೋಗಿಗೆ ಹೊರೆಯಾಗುತ್ತದೆ ಎಂಬುದನ್ನು ಎರಡು ಮಹಾಮಾರಿಗಳು ತೋರಿಸಿಕೊಟ್ಟಿವೆ.

2009ರಲ್ಲಿ ಎಚ್1ಎನ್1 ಜ್ವರ ಹರಡಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಗ ಆಸ್ಪತ್ರೆ ಸೇರಿದ ಅಥವಾ ಮೃತಪಟ್ಟ ವಯಸ್ಕರಲ್ಲಿ, ತೂಕ ಮತ್ತು ಎತ್ತರ ದಾಖಲಾಗಿದ್ದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಸ್ಥೂಲಕಾಯರಾಗಿದ್ದರು. ಅಲ್ಲಿನ ಒಟ್ಟು ವಯಸ್ಕರಲ್ಲಿ ಅಂಥವರ ಪಾಲು ಸುಮಾರು ಕಾಲುಭಾಗ ಮಾತ್ರ. 2020ರಲ್ಲಿ ಕೋವಿಡ್ ಬಂದಾಗ ಅನೇಕ ದೇಶಗಳ ತೀವ್ರ ನಿಗಾ ಘಟಕಗಳಲ್ಲಿ ಇದೇ ಚಿತ್ರ ಮರುಕಳಿಸಿತು.

ಇದಕ್ಕೆ ಕಾರಣವೇನು? ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೊತ್ತುವುದರಿಂದ, ವಿಶೇಷವಾಗಿ ಮಲಗಿರುವಾಗ, ಶ್ವಾಸಕೋಶದ ಕೆಳಭಾಗ ಪೂರ್ಣ ಅರಳುವುದಿಲ್ಲ. ಕೊಬ್ಬಿನ ಅಂಗಾಂಶವು ದೇಹದಲ್ಲಿ ಸದಾ ಸಣ್ಣ ಪ್ರಮಾಣದ ಉರಿಯೂತವನ್ನು ಉಳಿಸುತ್ತದೆ. ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ ಹದ ತಪ್ಪುತ್ತದೆ. ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿದ್ದರೆ ಅಪಾಯ ಇಮ್ಮಡಿಸುತ್ತದೆ. ಹಾಗೆಂದು ತೆಳ್ಳಗಿರುವವರು ಸುರಕ್ಷಿತರೆಂದಾಗಲಿ, ದಪ್ಪಗಿರುವವರೆಲ್ಲರಿಗೂ ಜ್ವರ ಉಲ್ಬಣಿಸುತ್ತದೆಂದಾಗಲಿ ಇದರ ಅರ್ಥವಲ್ಲ.

ಇದು ಪರದೇಶದ ಸಮಸ್ಯೆಯೆಂದು ನಾವು ಸುಮ್ಮನಿರಬಹುದೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ. 24ರಷ್ಟು ಮಹಿಳೆಯರು, ಶೇ. 23ರಷ್ಟು ಪುರುಷರು ಅಧಿಕ ತೂಕ ಹೊಂದಿದ್ದರು. ನಮ್ಮಲ್ಲಿ ಕೊಬ್ಬು ಹೊಟ್ಟೆಯಲ್ಲೇ ಹೆಚ್ಚಾಗಿ ಶೇಖರಗೊಳ್ಳುತ್ತದೆ. ಆದ್ದರಿಂದ ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಅದನ್ನು ಎಚ್ಚರಿಕೆಯ ಗಂಟೆಯೆಂದು ಭಾವಿಸಬೇಕು.

ದಪ್ಪಗಿರುವವರನ್ನು ಗೇಲಿ ಮಾಡುವುದು ಚಿಕಿತ್ಸೆಯಲ್ಲ. ಅವಮಾನಕ್ಕೆ ಅಂಜಿದವರು ವೈದ್ಯರ ಬಳಿಗೆ ತಡವಾಗಿ ಹೋಗುತ್ತಾರೆ. ಶ್ವಾಸದ ಕಾಯಿಲೆಯಲ್ಲಿ ಆ ವಿಳಂಬವೇ ಮಾರಕವಾಗಬಹುದು. ಅತಿಥಿಯ ತಟ್ಟೆಗೆ ಬಿರಿಯಾನಿಯನ್ನು ಬಲವಂತವಾಗಿ ಸುರಿಯುವವರೂ ನಾವೇ, ಬಳಿಕ ಅವರ ಹೊಟ್ಟೆ ನೋಡಿ ನಗುವವರೂ ನಾವೇ! ಮನೆಯ ಹೆಣ್ಣುಮಕ್ಕಳು ದಿನವಿಡೀ ಅಡುಗೆಮನೆಯಲ್ಲಿ ದಣಿಯುತ್ತಾರೆ, ನಿಜ. ಆದರೆ ಅವರಿಗೆ ನಿಶ್ಚಿಂತೆಯಿಂದ ನಡೆದಾಡಲು ಅರ್ಧ ಗಂಟೆಯ ಬಿಡುವನ್ನೂ ಸುರಕ್ಷಿತ ಜಾಗವನ್ನೂ ಒದಗಿಸಿದ್ದೇವೆಯೇ? ಈ ಪ್ರಶ್ನೆಗೆ ಮನೆಯ ಗಂಡಸರು ಉತ್ತರಿಸಬೇಕು.

ಕರಿದ ತಿಂಡಿ, ಸಿಹಿ ಪಾನೀಯಗಳನ್ನು ಮಿತಗೊಳಿಸೋಣ. ಫ್ಲೂ ಲಸಿಕೆಯ ಕುರಿತು ವೈದ್ಯರ ಸಲಹೆ ಪಡೆಯೋಣ. ಜ್ವರದೊಂದಿಗೆ ಏದುಸಿರು, ಎದೆನೋವು ಅಥವಾ ಮಂಪರು ಕಂಡರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಆಸ್ಪತ್ರೆಗೆ ಧಾವಿಸೋಣ. ಮುಂದಿನ ಸಾಂಕ್ರಾಮಿಕ ಯಾವಾಗ ಬರುವುದೆಂದು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ. ಅದು ಬರುವ ಮೊದಲು ಮನೆಯ ಊಟವನ್ನೂ ದಿನಚರಿಯನ್ನೂ ತಿದ್ದಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.